ಮುತ್ಯಾನ ಸೈಕಲ್‌ಗೆ ಯಾವ ‘ಒರಿಜಿನಲ್’?

ಕಳೆದ ಬೇಸಿಗೆ ರಜೆಯಲ್ಲಿ ನಾನು ಇಂಟರ್ನ್‌ಶಿಪ್ ಮಾಡಲಿಲ್ಲ. ಊರಿಗೆ ಹೋಗಿ ಒಂದು ಹಳೇ ಸೈಕಲ್ ಬಿಚ್ಚಿ ಕೂತೆ. ಇದನ್ನು ಹಾಸ್ಟೆಲ್‌ನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಫೋಟೊ ತೋರಿಸಿದ ಮೇಲೆ ನಗು ನಿಂತು ಸಲಹೆ ಶುರುವಾದವು. “ಪೌಡರ್ ಕೋಟಿಂಗ್ ಮಾಡ್ಸಲೇ.” “ಆ ದರಿದ್ರ ಕ್ಯಾರಿಯರ್ ಕಿತ್ತು ಒಗಿ, ಮಸ್ತ್ ಕಾಣ್ತದ.” “ಒರಿಜಿನಲ್ ಕಂಡೀಶನ್‌ಗೆ ತಂದ್ರ ಬೆಂಗಳೂರಾಗ ಛಲೋ ರೇಟಿಗೆ ಹೋಗ್ತದ ನೋಡು.”

ಮೂರರಲ್ಲಿ ಒಂದು ಸಲಹೆಯನ್ನೂ ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಹೇಳೋದಕ್ಕೆ ಈ ಲೇಖನ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ: ಹಳೇ ವಸ್ತು ರಿಪೇರಿ ಮಾಡುವಾಗ ‘ಒರಿಜಿನಲ್’ ಅನ್ನೋದು ಫ್ಯಾಕ್ಟರಿಯಿಂದ ಹೊರಬಿದ್ದ ದಿನದ ಸ್ಥಿತಿ ಅಂತ ನಾವು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದೀವಿ. ಅದು ತಪ್ಪು. ಆ ತಪ್ಪನ್ನು ನಾನೂ ಅರ್ಧ ಮಾಡಿ, ಸರಿಪಡಿಸಲಾಗದ ಒಂದು ನಷ್ಟ ಮಾಡಿಕೊಂಡಿದ್ದೀನಿ. ಅದನ್ನೂ ಹೇಳ್ತೀನಿ.

ನಮ್ಮೂರು ನೆಲೋಗಿ, ಜೇವರ್ಗಿ ತಾಲ್ಲೂಕು. ಮುಖ್ಯಮಂತ್ರಿಯಾಗಿದ್ದ ಧರಂ ಸಿಂಗ್ ಅವರು ಹುಟ್ಟಿದ ಊರು ಅಂದರೆ ಕೆಲವರಿಗೆ ಗುರುತು ಸಿಗುತ್ತದೆ. ಉಳಿದವರಿಗೆ: ಕಲಬುರಗಿಯಲ್ಲಿ ಬಸ್ ಹತ್ತಿ, ಕಟ್ಟಿಸಂಗಾವಿ ಹತ್ತಿರ ಭೀಮಾ ದಾಟಿ, ಜೇವರ್ಗಿ ಮೇಲೆ ಸಿಂದಗಿ ಕಡೆ ಹೋದರೆ ನಮ್ಮೂರು ಸಿಗುತ್ತದೆ. ಸುತ್ತ ಎರೆ ಭೂಮಿ. ತೊಗರಿ, ಜೋಳ. ಬೇಸಿಗೆಯಲ್ಲಿ ಆ ನೆಲ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ, ಗಾಲಿಗೆ, ಮಡ್‌ಗಾರ್ಡಿಗೆ ಅಂಟಿಕೊಂಡು ಬಿಡೋದೇ ಇಲ್ಲ. ಸೈಕಲ್ ಬಗ್ಗೆ ಮಾತಾಡುವಾಗ ಈ ಮಣ್ಣನ್ನು ನೆನಪಿಡಿ. ನಾಟಿಂಗ್‌ಹ್ಯಾಮ್‌ನಲ್ಲಿ ಕೂತು ಸೈಕಲ್ ಡಿಸೈನ್ ಮಾಡಿದವರು ಇದನ್ನು ನೋಡಿರಲಿಲ್ಲ.

ಸೈಕಲ್ ಸಿಕ್ಕಿದ್ದು ದನದ ಕೊಟ್ಟಿಗೆಯಲ್ಲಿ, ಕಣಿಕಿ ಪೆಂಡಿಗಳ ಹಿಂದೆ. ಮುತ್ಯಾ ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಟೈರ್ ಒಣಗಿ ಹಪ್ಪಳ. ಸೀಟಿನ ಚರ್ಮ ಹೋಗಿ ಸ್ಪ್ರಿಂಗ್ ಮಾತ್ರ ಉಳಿದಿದ್ದವು. ಚೈನ್ ಒಂದೇ ಕಬ್ಬಿಣದ ತುಂಡಾಗಿತ್ತು. ರಾಡ್ ಬ್ರೇಕ್ ಹಿಡಿದರೆ ಹಿಡಿದ ಹಾಗೇ ನಿಲ್ಲುತ್ತಿತ್ತು. ಮುಂದಿನ ಹೆಡ್ ಟ್ಯೂಬ್ ಮೇಲೆ ಒಂದು ಲೋಹದ ಬಿಲ್ಲೆ, ಅದರ ಮೇಲೆ ಕೊಕ್ಕರೆಯ ತಲೆ. ರ‍್ಯಾಲಿ ಸೈಕಲ್! ಆ ಕ್ಷಣದಲ್ಲೇ ನನ್ನ ತಲೆಯಲ್ಲಿ ‘ವಿಂಟೇಜ್ ರೆಸ್ಟೊರೇಶನ್’ ಅನ್ನೋ ಹುಳ ಹೊಕ್ಕಿತು.

ಈ ಸೈಕಲ್‌ಗಳ ಕಥೆ ಸ್ವಲ್ಪ ಗೊತ್ತಿರಲಿ. ರ‍್ಯಾಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕಂಪನಿ. ಸ್ವಾತಂತ್ರ್ಯ ಬಂದ ಮೇಲೆ ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲಿ ಸೇನ್-ರ‍್ಯಾಲಿ ಹೆಸರಿನಲ್ಲಿ ನಮ್ಮಲ್ಲೇ ತಯಾರಾಗಲು ಶುರುವಾಯಿತು. ಅದೇ ಕಾಲಕ್ಕೆ ಮದ್ರಾಸ್ ಹತ್ತಿರದ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ. ಹಳ್ಳಿಯ ಭಾರತ ಕಾಲ್ನಡಿಗೆಯಿಂದ ಗಾಲಿಗೆ ಬಂದದ್ದು ಈ ನಾಲ್ಕೈದು ಕಾರ್ಖಾನೆಗಳಿಂದ. ಮುಂದೆ ಸೇನ್-ರ‍್ಯಾಲಿ ನಷ್ಟಕ್ಕೆ ಬಿತ್ತು. 1980ರಲ್ಲಿ ಸಂಸತ್ತು ಒಂದೇ ಕಾಯ್ದೆಯಲ್ಲಿ ಹಿಂದ್ ಸೈಕಲ್ಸ್ ಮತ್ತು ಸೇನ್-ರ‍್ಯಾಲಿ ಎರಡನ್ನೂ ರಾಷ್ಟ್ರೀಕರಣ ಮಾಡಿತು. ಆದರೂ ಉಳಿಯಲಿಲ್ಲ. ಅಟ್ಲಾಸ್ ತನ್ನ ಸಾಹಿಬಾಬಾದ್ ಘಟಕದ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ‘ಒರಿಜಿನಲ್ ಪಾರ್ಟ್ಸ್’ ಕೊಡುವ ಕಾರ್ಖಾನೆಯೇ ಇಲ್ಲ. ನನ್ನ ಸೈಕಲ್ ಒರಿಜಿನಲ್ ಹೌದೋ ಅಲ್ಲವೋ ಅಂತ ಸರ್ಟಿಫಿಕೇಟ್ ಕೊಡೋಕೆ ಯಾರೂ ಉಳಿದಿಲ್ಲ. ತೀರ್ಮಾನ ನಮ್ಮದೇ. ಹಾಗಾಗಿ ಜವಾಬ್ದಾರಿಯೂ ನಮ್ಮದೇ.

ಮೊದಲ ವಾರ ನಾನೊಬ್ಬನೇ ಗುದ್ದಾಡಿದೆ. ಬಾಟಮ್ ಬ್ರಾಕೆಟ್‌ನ ಬಲಗಡೆಯ ಕಪ್ ತೆಗೆಯೋಕೆ ಒಂದು ಇಡೀ ಮಧ್ಯಾಹ್ನ ಸ್ಪ್ಯಾನರ್ ಎಳೆದೆ. ಬರಲಿಲ್ಲ. ಕೊನೆಗೆ ಪೇಟೆಯ ಹಳೇ ಸೈಕಲ್ ಅಂಗಡಿ ಚಾಚಾನ ಹತ್ತಿರ ಫ್ರೇಮ್ ಹೊತ್ತುಕೊಂಡು ಹೋದೆ. ಚಾಚಾ ಒಂದು ಸಲ ನೋಡಿ, “ಅರೆ ಬೇಟಾ, ನೀ ಬಿಚ್ಚಲತ್ತಿಲ್ಲ, ಇನ್ನಾ ಟೈಟ್ ಮಾಡ್ಲತ್ತೀ. ಇದು ಉಲ್ಟಾ ಚೂಡಿ. ಇಂಜಿನಿಯರಿಂಗ್‌ದಾಗ ಇದು ಕಲಸಲ್ಲೇನು?” ಅಂದ. ಕಲಿಸಿದ್ದರು. ಲೆಫ್ಟ್ ಹ್ಯಾಂಡ್ ಥ್ರೆಡ್ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ. ಕೈಗೆ ಮಾತ್ರ ಗೊತ್ತಿರಲಿಲ್ಲ.

ಇಂಗ್ಲಿಷ್ ಮಾದರಿಯ ಸೈಕಲ್‌ಗಳಲ್ಲಿ ಬಲಗಡೆಯ ಬಿಬಿ ಕಪ್ ಮತ್ತು ಎಡಗಡೆಯ ಪೆಡಲ್ ಎರಡಕ್ಕೂ ಉಲ್ಟಾ ಥ್ರೆಡ್. ಕಾರಣ ಪ್ರಿಸೆಶನ್. ತೂತಿನೊಳಗೆ ಕೂತ ಭಾಗದ ಮೇಲೆ ಭಾರ ಸುತ್ತುತ್ತಾ ಬಿದ್ದರೆ, ಅದು ಕಣ್ಣಿಗೆ ಕಾಣದಷ್ಟು ಉರುಳಿ ಉರುಳಿ, ಭಾರ ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತಾನೇ ತಿರುಗುತ್ತದೆ. ಥ್ರೆಡ್ ದಿಕ್ಕು ತಪ್ಪಿದರೆ ದಿನಾ ತುಳಿದಂತೆ ಸಡಿಲವಾಗುತ್ತದೆ. ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ತುದಿಯನ್ನು ಗುಂಡಗೆ ಸುತ್ತಿಸಿ ನೋಡಿ, ಗೊತ್ತಾಗುತ್ತದೆ. ನಾಲ್ಕು ಸೆಮಿಸ್ಟರ್‌ನಲ್ಲಿ ತಲೆಗೆ ಹೋಗದ್ದು ಚಾಚಾನ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಹೋಯಿತು.

ಆಮೇಲೆ ರಜೆ ಮುಗಿಯುವವರೆಗೂ ಚಾಚಾನೇ ನನ್ನ ಗೈಡ್. ಕಾಟರ್ ಪಿನ್ ಹೊಡೆಯುವಾಗ ಕ್ರ್ಯಾಂಕ್ ಕೆಳಗೆ ಒಂದು ಪೈಪ್ ತುಂಡು ನೆಲಕ್ಕೆ ತಾಗುವಂತೆ ಕೊಡಬೇಕು; ಇಲ್ಲದಿದ್ದರೆ ಸುತ್ತಿಗೆಯ ಏಟು ಪಿನ್ನಿಗೆ ಹೋಗದೆ ಬೇರಿಂಗ್‌ಗೆ ಹೋಗಿ ಕಪ್ ಮೇಲೆ ಗುಳಿ ಬೀಳುತ್ತದೆ. ಬಿಬಿಯಲ್ಲಿ ಒಂದೊಂದು ಕಡೆ ಕಾಲು ಇಂಚಿನ 11 ಬಾಲ್ಸ್. ಜಾಗ ಇದೆ ಅಂತ ಹನ್ನೆರಡನೆಯದು ತುರುಕಬಾರದು. ಕೋನ್ ಅನ್ನು ಪೂರ್ತಿ ಬಿಗಿ ಮಾಡಬಾರದು, ಒಂದು ಕೂದಲೆಳೆ ಸಡಿಲ ಬಿಟ್ಟು ಲಾಕ್ ನಟ್ ಹಾಕಬೇಕು. ಲಾಕ್ ಮಾಡುವಾಗ ಅದೇ ಬಿಗಿಯಾಗುತ್ತದೆ. ಇದನ್ನೇ ನಮ್ಮ ಮಶೀನ್ ಡಿಸೈನ್ ಪುಸ್ತಕದಲ್ಲಿ ಪ್ರೀಲೋಡ್ ಅಂತಾರೆ. ಕ್ರೋಮ್ ಮೇಲಿನ ತುಕ್ಕಿಗೆ ಸ್ಯಾಂಡ್ ಪೇಪರ್ ಮುಟ್ಟಿಸಬೇಡ ಅಂದ. ರೊಟ್ಟಿ ಸುತ್ತುವ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯುಮಿನಿಯಂ ಕ್ರೋಮ್‌ಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳಲ್ಲ, ತುಕ್ಕು ಮಾತ್ರ ಹೋಗುತ್ತದೆ.

ಇನ್ನೊಂದು ಒಳ್ಳೇ ಸುದ್ದಿ. ಹೊರದೇಶಗಳಲ್ಲಿ ಹಳೇ ರ‍್ಯಾಲಿ ಇಟ್ಟುಕೊಂಡವರು 28 × 1½ ಟೈರ್‌ಗಾಗಿ ಪರದಾಡುತ್ತಾರೆ. ನಮ್ಮಲ್ಲಿ ಯಾವ ತಾಲ್ಲೂಕು ಪೇಟೆಗೆ ಹೋದರೂ ಸಿಗುತ್ತದೆ, ಹಾಲಿನವರೂ ತರಕಾರಿಯವರೂ ಇವತ್ತಿಗೂ ಅದೇ ಸೈಜಿನ ಸೈಕಲ್ ತುಳಿಯುತ್ತಿರುವುದರಿಂದ. ಕಾಟರ್ ಪಿನ್, ಬ್ರೇಕ್ ರಬ್ಬರ್, ವಾಲ್‌ಟ್ಯೂಬ್ ಎಲ್ಲವೂ ಸಿಗುತ್ತವೆ. ನಾವು ‘ವಿಂಟೇಜ್’ ಅನ್ನೋದು ಬೇರೆ ಯಾರೋ ಒಬ್ಬರಿಗೆ ಇವತ್ತಿನ ಹೊಟ್ಟೆಪಾಡು. ಈ ಮಾತು ಸ್ವಲ್ಪ ನೆನಪಿರಲಿ.

ಈಗ ನನ್ನ ತಪ್ಪಿಗೆ ಬರ್ತೀನಿ.

ಚಾಚಾನ ಹತ್ತಿರ ಹೋಗುವುದಕ್ಕೆ ಮೊದಲು, ಆ ಮೊದಲ ವಾರದ ಹುಮ್ಮಸ್ಸಿನಲ್ಲಿ, ನಾನು ಡ್ರಿಲ್ ಮಶೀನಿಗೆ ವೈರ್ ಬ್ರಷ್ ಸಿಕ್ಕಿಸಿ ಚೈನ್ ಕವರ್ ತಿಕ್ಕಿದೆ. ತುಕ್ಕು ಪುಡಿ ಪುಡಿಯಾಗಿ ಹಾರುತ್ತಿತ್ತು. ಹೊಳೆಯುವ ಕಬ್ಬಿಣ ಕಾಣೋದು ನೋಡಿ ಖುಷಿ. ವಿಡಿಯೊಗಳಲ್ಲಿ ಹಾಗೇ ಮಾಡುತ್ತಾರಲ್ಲ, ಮೊದಲು ಕೊಳೆ, ಹತ್ತು ಸೆಕೆಂಡಿನಲ್ಲಿ ಕನ್ನಡಿ. ಅಷ್ಟರಲ್ಲಿ ಅಪ್ಪ ಬಂದು ನಿಂತರು. “ಹೆಸರು ಎಲ್ಲಿ ಅದ?” ಅಂದರು.

“ಯಾವ ಹೆಸರು?”

“ಚೈನ್ ಕವರ್ ಮ್ಯಾಲ ನಿಮ್ಮ ಮುತ್ಯಾ ಹೆಸರು ಬರಸಿದ್ದ. ಕೆಳಗ ನೆಲೋಗಿ ಅಂತ. ಹಳದಿ ಬಣ್ಣದ್ದು.”

ನಿಲ್ಲಿಸಿ ನೋಡಿದೆ. ತುಕ್ಕು ಮತ್ತು ಗ್ರೀಸಿನ ಕೆಳಗೆ ಇದ್ದದ್ದು ಬಣ್ಣವೇ. ಹಿಂದಿನ ತುದಿಯಲ್ಲಿ, ಬ್ರಷ್ ಇನ್ನೂ ತಲುಪದ ಜಾಗದಲ್ಲಿ, ‘ಗಿ’ ಅನ್ನೋ ಒಂದು ಅಕ್ಷರ ಉಳಿದಿತ್ತು. ಅಷ್ಟೇ. ನಾನು ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಬಿಫೋರ್ ಫೋಟೊ ಅಂತ ಸೈಕಲ್ಲಿನ ಎಡಗಡೆಯಿಂದ ತೆಗೆದದ್ದು ಮಾತ್ರ ಇತ್ತು. ಚೈನ್ ಕವರ್ ಇರೋದು ಬಲಗಡೆ. ಅಪ್ಪ ಬೈಯಲಿಲ್ಲ. “ಇರ್ಲಿ ಬಿಡು” ಅಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಯಾವುದೋ ಊರ ಪೇಂಟರ್, ಪುಟ್ಟ ಬ್ರಷ್‌ನಲ್ಲಿ, ಮುತ್ಯಾನನ್ನು ಎದುರಿಗೆ ಕೂರಿಸಿಕೊಂಡು ಬರೆದ ಅಕ್ಷರ. ಅದು ಫ್ಯಾಕ್ಟರಿಯಿಂದ ಬಂದದ್ದಲ್ಲ. ‘ಒರಿಜಿನಲ್’ ಲೆಕ್ಕದಲ್ಲಿ ಅದು ಅಳಿಸಬೇಕಾದದ್ದೇ. ನೋಡಿ, ನಾನು ನಿಯಮದ ಪ್ರಕಾರ ಸರಿಯಾದ ಕೆಲಸ ಮಾಡಿದ್ದೆ!

ಎರಡನೇ ಸಲ ಅದೇ ತಪ್ಪು ಮಾಡೋದರಿಂದ ನನ್ನನ್ನು ಉಳಿಸಿದ್ದು ಆಯಿ.

ಸೈಕಲ್ಲಿಗೆ ಒಂದು ಕ್ಯಾರಿಯರ್ ಇತ್ತು ಅಂದೆನಲ್ಲ, ನಮ್ಮ ಹಾಸ್ಟೆಲ್ ಗೆಳೆಯರು ‘ದರಿದ್ರ’ ಅಂದದ್ದು. ಅದು ಕಂಪನಿಯದ್ದಲ್ಲ. ಊರ ಕಮ್ಮಾರ ದಪ್ಪ ಸರಳು ಬಗ್ಗಿಸಿ ಮಾಡಿದ್ದು. ಅದರ ಎರಡೂ ಬದಿಗೆ ಒಂದೊಂದು ಕೊಂಡಿ. ಬೆಸುಗೆ ಒರಟಾಗಿದೆ, ಎರಡು ಕೊಂಡಿಗಳ ಎತ್ತರವೂ ಒಂದೇ ಇಲ್ಲ. ಸೀಟ್ ಬೋಲ್ಟಿಗೂ ಹಿಂದಿನ ಆ್ಯಕ್ಸಲ್‌ಗೂ ಕೂಡಿಸಿದ್ದರಿಂದ ತೆಗೆಯೋದು ಐದು ನಿಮಿಷದ ಕೆಲಸ. ಚಾಚಾ ಹಿಂದಿನ ಚಕ್ರದ ಬೆಂಡ್ ತೆಗೆಯುವಾಗ ಇನ್ನೊಂದು ವಿಷಯ ಕಂಡುಹಿಡಿದಿದ್ದ. ಈ ಸೈಕಲ್‌ಗಳಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಹಿಂದೆ ಜಾಸ್ತಿ ಬೀಳೋದರಿಂದ ಹಾಗೆ. ನಮ್ಮದರಲ್ಲಿ ಹಿಂದಿನ ನಲವತ್ತೂ ಕಡ್ಡಿ ಮುಂದಿನವಕ್ಕಿಂತ ದಪ್ಪ. “ಇದು ಕಂಪನಿ ಕಡ್ಡಿ ಅಲ್ಲ. ನಿಮ್ಮ ಮುತ್ಯಾ ಏನರ ಭಾರೀ ವಜ್ಜಾ ಹೊತ್ತಾನ. ಕಡ್ಡಿ ಮುರದು ಮುರದು ಬ್ಯಾಸತ್ತು ದಪ್ಪಂದು ಹಾಕ್ಸ್ಯಾನ” ಅಂದ ಚಾಚಾ. ಕೊಂಡಿಗಳ ಒಳಮೈಯಲ್ಲಿ ಹಗ್ಗ ತಿಕ್ಕಿ ಬಿದ್ದ ಗೆರೆಯೂ ಇತ್ತು.

ಸಂಜೆ ಮನೆಗೆ ಬಂದು ಕ್ಯಾರಿಯರ್‌ಗೆ ಸ್ಪ್ಯಾನರ್ ಹಾಕಿದೆ. ಆಯಿ ಕಟ್ಟೆ ಮೇಲೆ ಕೂತು ನೋಡುತ್ತಿದ್ದವಳು, “ಅದ್ಯಾಕ ತೆಗೀಲತ್ತಿ?” ಅಂದಳು.

“ಇದು ಒರಿಜಿನಲ್ ಅಲ್ಲ ಆಯಿ. ಹೊಸದಿದ್ದಾಗ ಹೆಂಗಿತ್ತೋ ಹಂಗ ಮಾಡ್ಲತ್ತೀನಿ.”

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇದು. ನನಗೆ ನೆನಪಿರುವಷ್ಟು ಹಾಗೇ ಬರೀತೀನಿ.

“ಹೊಸಾದಿದ್ದಾಗ ಹೆಂಗಿತ್ತಂತ ನಾ ಹೇಳ್ತೀನಿ ಕೇಳು. ನನ್ನ ಲಗ್ನದಾಗ ನಿಮ್ಮ ಮನಿಯವರು ವಾಚು, ಸೈಕಲ್, ರೇಡಿಯೋ ಕೇಳಿದ್ರು. ರೇಡಿಯೋ ಆಗಲ್ಲ ಅಂದ ನಮ್ಮಪ್ಪ. ಸೈಕಲ್ಲಿಗಿ ಒಂದು ಎತ್ತು ಮಾರಿದ. ಜೋಡಿ ಮುರೀತು. ಆ ವರ್ಷ ಬ್ಯಾರೇದವರ ಎತ್ತು ಬೇಡಿ ಬಿತ್ತಿಗಿ ಮಾಡಿದ್ರು. ಹೊಸ ಸೈಕಲ್ ಮನಿ ಮುಂದ ನಿಂತಿರ್ತಿತ್ತು, ಫಳ ಫಳ ಹೊಳೀತಿತ್ತು. ನೋಡಿದ್ರ ನನಗ ಹೊಟ್ಟ್ಯಾಗ ಉರೀತಿತ್ತು. ಎಪ್ಪತ್ತೆರಡರ ಬರ ಬಂತು. ಬಾವಿ ಬತ್ತಿದ್ವು. ಅವಾಗ ನಿಮ್ಮ ಮುತ್ಯಾ ಈ ಕೊಂಡಿ ಹಚ್ಚಿಸಿದ. ಅವ ಬರಗಾಲದ ಕೆಲಸಕ್ಕ ಹೋದ್ರ, ನಾ ಎರಡ ಕೊಡ ಜೋತು ಬಿಟ್ಟು ಸೈಕಲ್ ತಳ್ಕೋತ ಹೋಗಿ ನೀರು ತರ್ತಿದ್ದೆ. ಅವತ್ತಿನಿಂದ ಅದು ನಮ್ಮ ಸೈಕಲ್ ಆಯ್ತು. ನೀ ಈಗ ಕೊಂಡಿ ತೆಗದು ಮತ್ತ ಹೊಳಿಯಂಗ ಮಾಡ್ತೀನಂತಿ. ಮಾಡು. ಖರೆ ನನ್ನ ಕಣ್ಣ ಮುಂದ ನಿಲ್ಲಸಬ್ಯಾಡ.”

ಸ್ಪ್ಯಾನರ್ ಕೆಳಗಿಟ್ಟೆ.

ಆಯಿಯ ಲಗ್ನವಾದದ್ದು 1966ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ನಾನು ‘ಒರಿಜಿನಲ್ ಕಂಡೀಶನ್’ ಅಂತ ಹುಡುಕುತ್ತಿದ್ದ ಹೊಳಪು ಒಂದು ಎತ್ತಿನ ಬೆಲೆಯ ಹೊಳಪು. ಅದನ್ನು ಮರಳಿ ತರೋದು ಅಂದರೆ ಆ ಸೈಕಲ್ಲಿನ ಜೀವನದಲ್ಲಿ ಮನೆಯವರಿಗೆ ಅತ್ಯಂತ ಬೇಡವಾದ ದಿನವನ್ನು ಮರಳಿ ತರೋದು. ನೀರು ಹೊತ್ತ ದಿನಗಳನ್ನು ಅಳಿಸಿ, ಅಂಗಡಿಯ ಮುಂದೆ ಹೂವಿನ ಹಾರ ಹಾಕಿ ನಿಂತ ದಿನವನ್ನು ಉಳಿಸೋದು. ಯಾವ ಲೆಕ್ಕದಲ್ಲಿ ಮೊದಲನೇ ದಿನ ಮಾತ್ರ ನಿಜ, ಆಮೇಲಿನ ಐವತ್ತು ವರ್ಷ ಕೊಳೆ?

ಇದು ಬರೀ ಮನೆಯ ಸೆಂಟಿಮೆಂಟ್ ಅಂತ ನಿಮಗನಿಸಬಹುದು. ಅಲ್ಲ. ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಭೀಮಾ ದಂಡೆಯ ಊರು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಅವಶೇಷ ತೆಗೆದಾಗ ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಯಾವುದೋ ಕಾಲದಲ್ಲಿ ಯಾರೋ ಆ ಶಾಸನದ ಕಲ್ಲನ್ನು ತಂದು, ಮಧ್ಯ ತೂತು ಕೊರೆದು, ದೇವಿಗೆ ಪೀಠ ಮಾಡಿದ್ದರು. ಅಕ್ಷರಗಳು ಅಲ್ಲಿ ಹೋಗಿವೆ. ಈಗ ಆ ತೂತಿಗೆ ಸಿಮೆಂಟ್ ತುಂಬಿ, ಹೋದ ಅಕ್ಷರ ಹೊಸದಾಗಿ ಕೆತ್ತಿ ‘ಒರಿಜಿನಲ್’ ಮಾಡಬೇಕು ಅಂತ ಯಾರಾದರೂ ಹೇಳಿದರೆ ನಾವು ಒಪ್ತೀವಾ? ಶಾಸನವೂ ಇತಿಹಾಸ, ತೂತೂ ಇತಿಹಾಸ.

ಕಟ್ಟಡಗಳನ್ನು ಉಳಿಸುವವರು ಈ ಪ್ರಶ್ನೆಯನ್ನು ಎಂದೋ ಕೇಳಿಕೊಂಡಿದ್ದಾರೆ. 1964ರ ವೆನಿಸ್ ಸನ್ನದಿನ 11ನೇ ವಿಧಿ ಹೇಳೋದು ಸಾರಾಂಶದಲ್ಲಿ ಇಷ್ಟು: ಒಂದು ಸ್ಮಾರಕಕ್ಕೆ ಎಲ್ಲಾ ಕಾಲದವರು ಸೇರಿಸಿದ ಅರ್ಥವುಳ್ಳ ಭಾಗಗಳನ್ನು ಗೌರವಿಸಬೇಕು, ಇಡೀ ಕಟ್ಟಡ ಒಂದೇ ಶೈಲಿಯಲ್ಲಿ ಕಾಣುವಂತೆ ಮಾಡೋದು ಜೀರ್ಣೋದ್ಧಾರದ ಗುರಿಯಲ್ಲ. ಅದರ ಮುಂದಿನ ವಿಧಿ, ಹೊಸದಾಗಿ ಸೇರಿಸಿದ್ದು ಒಟ್ಟಾರೆ ಹೊಂದಬೇಕು, ಆದರೆ ಹಳೆಯದರಿಂದ ಬೇರೆ ಅಂತ ಗುರುತು ಸಿಗಬೇಕು ಅನ್ನುತ್ತದೆ. ಗುಡಿ, ಮಸೀದಿ, ಕೋಟೆಗೆ ಅನ್ವಯಿಸುವ ನಿಯಮ ಸೈಕಲ್ಲಿಗೆ ಯಾಕೆ ಬೇಡ?

ಸೈಕಲ್ ಲೋಕದಲ್ಲೂ ಇದೇ ದಿಕ್ಕಿನ ಯೋಚನೆ ಇದೆ. ಇಟಲಿಯ ಗಾಯೋಲೆ ಇನ್ ಕಿಯಾಂತಿ ಅನ್ನೋ ಊರಿನಲ್ಲಿ 1997ರಿಂದ ‘ಲೆರೋಯಿಕಾ’ ಅಂತ ಹಳೇ ರೋಡ್ ಸೈಕಲ್‌ಗಳ ಸವಾರಿ ನಡೆಯುತ್ತದೆ. 1987ಕ್ಕಿಂತ ಹಿಂದಿನ ಕಾಲದ ಸೈಕಲ್‌ಗಳಿಗೆ ಪ್ರವೇಶ. ಆದರೆ ಅವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋದಿಲ್ಲ. ಡಾಂಬರಿಲ್ಲದ ಬಿಳಿ ಮಣ್ಣಿನ ರಸ್ತೆಗಳಲ್ಲಿ ಧೂಳೆಬ್ಬಿಸಿಕೊಂಡು ತುಳಿಯುತ್ತಾರೆ. ಹಳೇ ಸೈಕಲ್ಲಿಗೆ ಸಲ್ಲುವ ಗೌರವ ಅಂದರೆ ಅದನ್ನು ತುಳಿಯೋದು. ಬೇಕಿದ್ದರೆ ನಮ್ಮ ಎರೆ ಹೊಲದ ದಾರಿಗೆ ಅವರನ್ನು ಕರೆಯೋಣ, ಜುಲೈ ತಿಂಗಳಲ್ಲಿ!

ಇನ್ನು ನನ್ನ ವಾದಕ್ಕೆ ಇರುವ ಎದುರು ವಾದ. ನನ್ನ ರೂಮ್‌ಮೇಟ್ ಎತ್ತಿದ ಪ್ರಶ್ನೆಗಳು ಸುಲಭದವಲ್ಲ.

ಒಂದು: “ಎಲ್ಲಾರೂ ನಿನ್ನಂಗ ಬಿಟ್ರ, ಮೊದಲಿನ ಸೈಕಲ್ ಹೆಂಗಿತ್ತಂತ ಮುಂದಿನವರಿಗೆ ಹೆಂಗ ತಿಳೀಬೇಕು?” ಒಪ್ಪುತ್ತೀನಿ. ಒಂದು ಮ್ಯೂಸಿಯಂಗೆ ಕಾರ್ಖಾನೆಯ ಬಣ್ಣ, ಕೈಯಿಂದ ಎಳೆದ ಚಿನ್ನದ ಗೆರೆ, ಸರಿಯಾದ ಬಿಲ್ಲೆ ಇರುವ ಸೈಕಲ್ ಬೇಕೇ ಬೇಕು. ಅಂಥ ಕೆಲಸಕ್ಕೆ ಬೇಕಾಗುವ ಶ್ರದ್ಧೆಗೆ ನನ್ನ ನಮಸ್ಕಾರ. ಆದರೆ ಅದಕ್ಕೆ ಸರಿಯಾದ ಸೈಕಲ್, ಯಾರೂ ಏನೂ ಬದಲಿಸದೆ ಅಟ್ಟದಲ್ಲಿ ಉಳಿದದ್ದು. ಬದುಕಿದ ಸೈಕಲ್ಲಿನ ಮೈ ಕೆರೆದು ಬದುಕದ ಸೈಕಲ್ ಮಾಡಬಾರದು.

ಎರಡು: “ಹಂಗಾರ ತುಕ್ಕೂ ಇತಿಹಾಸ, ಅದನ್ನೂ ಬಿಡು.” ಇಲ್ಲ. ತುಕ್ಕು ಯಾರೂ ಬೇಕು ಅಂತ ಮಾಡಿದ್ದಲ್ಲ, ನಿರ್ಲಕ್ಷ್ಯದಿಂದ ಆದದ್ದು. ಕೊಂಡಿ ಒಬ್ಬ ಮನುಷ್ಯ ಯೋಚಿಸಿ ಮಾಡಿದ್ದು. ಯೋಚನೆಯಿಂದ ಆದ ಬದಲಾವಣೆ ಬೇರೆ, ಅಲಕ್ಷ್ಯದಿಂದ ಆದ ಹಾಳು ಬೇರೆ. ಈ ಗೆರೆ ಎಲ್ಲಾ ಕಡೆ ಸ್ಪಷ್ಟವಾಗಿರಲ್ಲ ಅನ್ನೋದು ನಿಜ. ಅದಕ್ಕೇ ಕೆರೆಯುವ ಮೊದಲು ಕೇಳಬೇಕು.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು: ಸುರಕ್ಷತೆ. ಇದರಲ್ಲಿ ರಾಜಿ ಇಲ್ಲ. ಮುತ್ಯಾನ ಕಾಲದ್ದು ಅಂತ ಸೀಳಿದ ಬ್ರೇಕ್ ರಬ್ಬರ್, ಸವೆದ ಕಾಟರ್ ಪಿನ್, ಒಣಗಿದ ಟೈರ್ ಇಟ್ಟುಕೊಂಡರೆ ಹಲ್ಲು ಮುರಿಯುತ್ತದೆ. ಸವೆಯಲಿಕ್ಕೆಂದೇ ಇರುವ ಭಾಗಗಳನ್ನು ಮುತ್ಯಾನೂ ಬದಲಿಸುತ್ತಿದ್ದ. ಫ್ರೇಮ್‌ನ ಜಾಯಿಂಟ್‌ಗಳಲ್ಲಿ ಬಿರುಕು ಇದ್ದರೆ ತುಳಿಯಲೇ ಬಾರದು.

ಇಷ್ಟೆಲ್ಲ ಆದ ಮೇಲೆ ನಾನು ನನಗೇ ಹಾಕಿಕೊಂಡ ನಿಯಮಗಳು ಇವು. ನಿಮಗೂ ಉಪಯೋಗಕ್ಕೆ ಬರಬಹುದು.

ಸ್ಪ್ಯಾನರ್ ಮುಟ್ಟುವ ಮೊದಲು ಎರಡೂ ಕಡೆಯಿಂದ, ಮೇಲಿನಿಂದ, ಕೆಳಗಿನಿಂದ ಫೋಟೊ ತೆಗೆಯಿರಿ. ಎರಡೂ ಕಡೆಯಿಂದ ಅನ್ನೋದನ್ನು ನಾನು ಎರಡು ಸಲ ಹೇಳಬೇಕು.

ಮನೆಯ ಹಿರಿಯರನ್ನು ಕೂರಿಸಿ ಕೇಳಿ. ಯಾವ ಭಾಗ ಯಾವಾಗ ಬಂತು, ಯಾಕೆ ಬಂತು. ಫೋನಿನಲ್ಲಿ ರೆಕಾರ್ಡ್ ಮಾಡಿ. ಸೈಕಲ್ ಇನ್ನೂ ಹತ್ತು ವರ್ಷ ಕೊಟ್ಟಿಗೆಯಲ್ಲಿ ಇರಬಹುದು, ಹೇಳುವವರು ಇರಲಿಕ್ಕಿಲ್ಲ.

ಬಣ್ಣ ಬಳಿಯುವ ಮೊದಲು ತೊಳೆಯಿರಿ. ಮೆತ್ತನೆ ಬಟ್ಟೆ, ಸೋಪಿನ ನೀರು, ಸ್ವಲ್ಪ ಎಣ್ಣೆ. ಅರ್ಧ ‘ತುಕ್ಕು’ ಬರೀ ಹಳೇ ಗ್ರೀಸಿಗೆ ಅಂಟಿದ ಮಣ್ಣು. ವೈರ್ ಬ್ರಷ್ ಕೊನೆಯ ಅಸ್ತ್ರ. ಆಕ್ಸಾಲಿಕ್ ಆ್ಯಸಿಡ್ ಬಳಸುವುದಾದರೆ ಕೈಗವಸು ಹಾಕಿ, ಅದು ವಿಷ.

ಮರಳಿ ತೆಗೆಯಬಹುದಾದದ್ದನ್ನು ಮಾತ್ರ ಸೇರಿಸಿ. ನಟ್ ಬೋಲ್ಟ್ ಓಕೆ. ಹೊಸ ವೆಲ್ಡಿಂಗ್, ಪೌಡರ್ ಕೋಟಿಂಗ್ ಬೇಡ. ಪೌಡರ್ ಕೋಟಿಂಗ್‌ಗೆ ಮೊದಲು ಮೈ ಪೂರ್ತಿ ಕೆರೆಯುತ್ತಾರೆ, ಆಮೇಲೆ ವಾಪಸ್ ಬರೋ ದಾರಿ ಇಲ್ಲ.

ತೆಗೆದ ಹಳೇ ಭಾಗಗಳನ್ನು ಎಸೆಯಬೇಡಿ, ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ.

ಈಗ ನಮ್ಮ ಸೈಕಲ್ ಹೀಗಿದೆ: ಹೊಸ ಟೈರ್, ಟ್ಯೂಬ್, ಚೈನ್, ಬಾಲ್ಸ್, ಕಾಟರ್ ಪಿನ್, ಬ್ರೇಕ್ ರಬ್ಬರ್. ಸೀಟಿಗೆ ಹಳೇ ಸ್ಪ್ರಿಂಗ್ ಮೇಲೆ ಹೊಸ ಚರ್ಮ. ಕಪ್ಪು ಬಣ್ಣ ಅಲ್ಲಲ್ಲಿ ಹೋಗಿದ್ದು ಹಾಗೇ ಇದೆ, ಮೇಲೆ ತೆಳ್ಳಗೆ ಮೇಣ ಹಚ್ಚಿದೆ. ಕ್ಯಾರಿಯರ್ ಇದೆ, ಎರಡು ಕೊಂಡಿ ಇವೆ. ಚೈನ್ ಕವರ್ ಮೇಲೆ ಹೊಸದಾಗಿ ಹೆಸರು ಬರೆಸು ಅಂತ ಎಲ್ಲರೂ ಅಂದರು. ಬರೆಸಲಿಲ್ಲ. ನಾನು ಬರೆಸಿದರೆ ಅದು ಫಾಂಟ್ ಆಗುತ್ತದೆ. ಉಳಿದ ‘ಗಿ’ ಮೇಲೆ ವಾರ್ನಿಶ್ ಹಚ್ಚಿದ್ದೀನಿ, ಇನ್ನು ಅಳಿಯದಿರಲಿ ಅಂತ. ಕೆರೆದ ಜಾಗ ಬರಿದಾಗಿ ಕಾಣುತ್ತದೆ. ಕಾಣಲಿ. ಅದು ಈ ಸೈಕಲ್ಲಿನ ಇತಿಹಾಸದಲ್ಲಿ ನನ್ನ ಪಾಲು.

ಕೊನೆಗೆ ನಮ್ಮ ಕ್ಯಾಂಪಸ್ ವಿಷಯ. ಹಾಸ್ಟೆಲ್ ಹಿಂದಿನ ಸ್ಟ್ಯಾಂಡ್ ಯಾವತ್ತಾದರೂ ನೋಡಿದ್ದೀರಾ? ಪಾಸೌಟ್ ಆದ ಸೀನಿಯರ್‌ಗಳು ಬಿಟ್ಟುಹೋದ ಸೈಕಲ್‌ಗಳು ಒಂದರ ಮೇಲೊಂದು ಬಿದ್ದಿವೆ. ಗೇರ್ ಸೈಕಲ್‌ಗಳೂ ಇವೆ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ ತುಳಿದುಕೊಂಡೇ ನಮ್ಮ ಅಕ್ಕ ಹೈಸ್ಕೂಲ್ ಮುಗಿಸಿದಳು. ಇನ್ನು ಮೂವತ್ತು ವರ್ಷಕ್ಕೆ ಅದೂ ‘ವಿಂಟೇಜ್’. ಆಗ ಯಾರೋ ಮೊಮ್ಮಗ ಅದನ್ನು ಹೊಳೆಯುವಂತೆ ಕೆರೆದು, ಅವಳು ಬುಟ್ಟಿಗೆ ಕಟ್ಟಿದ್ದ ತಂತಿ ಕಿತ್ತು ಬಿಸಾಡುತ್ತಾನೆ.

ನಾವು ಪ್ರಾಜೆಕ್ಟ್ ಅಂದರೆ ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಜೋಡಿಸೋದು ಅಂದುಕೊಂಡಿದ್ದೀವಿ. ಒಂದು ಹಳೇ ಸೈಕಲ್ ಬಿಚ್ಚಿ ಜೋಡಿಸಿದರೆ ಥ್ರೆಡ್, ಬೇರಿಂಗ್, ಟೆನ್ಶನ್, ಕರೋಶನ್ ನಾಲ್ಕೂ ಕೈಗೆ ಬರುತ್ತವೆ. ವರ್ಕ್‌ಶಾಪ್‌ನಲ್ಲಿ ಒಂದು ಮೂಲೆ, ಒಂದು ಸ್ಟ್ಯಾಂಡ್, ವಾರಕ್ಕೆ ಒಂದು ಸಂಜೆ ಕೇಳಿದರೆ ಕೊಡದೇ ಇರಲ್ಲ ಅನಿಸುತ್ತದೆ. ಮತ್ತೆ, ಚಾಚಾನಂಥವರನ್ನು ಗೆಸ್ಟ್ ಲೆಕ್ಚರ್‌ಗೆ ಕರೆಯಬೇಕು, ಶಾಲು ಹೊದಿಸಿ ಕಳಿಸೋಕಲ್ಲ, ಒಂದು ಗಂ��ೆ ಪಾಠ ಮಾಡಿಸೋಕೆ, ಬೇರೆ ಗೆಸ್ಟ್‌ಗಳಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು. ಚಾಚಾನ ಮಗ ಮೊಬೈಲ್ ಅಂಗಡಿ ಹಾಕಿದ್ದಾನೆ. ಚಾಚಾ ಶಟರ್ ಎಳೆದ ದಿನ ಆ ಹನ್ನೊಂದು ಬಾಲ್ಸ್ ಲೆಕ್ಕ ಹೇಳಿಕೊಡೋರು ನಮ್ಮ ಕಡೆ ಯಾರಿದ್ದಾರೆ?

ಸ್ಟ್ಯಾಂಡ್‌ನಲ್ಲಿ ಬಿದ್ದ ಸೈಕಲ್‌ಗಳ ಬಗ್ಗೆ ವಾರ್ಡನ್ ಸರ್ ಹತ್ತಿರ ಈ ವಾರ ಕೇಳ್ತೀನಿ. ಒಪ್ಪಿದರೆ ಭಾನುವಾರ ಬೆಳಿಗ್ಗೆ ಎರಡು ಸೈಕಲ್ ಬಿಚ್ಚೋಣ. 14-15ರ ಸ್ಪ್ಯಾನರ್, ಸುತ್ತಿಗೆ, ಪೈಪ್ ತುಂಡು ನನ್ನ ಹತ್ತಿರ ಇವೆ. ನೀವು ಹಳೇ ಬಟ್ಟೆ ತನ್ನಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ಮೊದಲು ಫೋಟೊ ತೆಗೆಯಬೇಕು. ಎರಡೂ ಕಡೆಯಿಂದ.